ಗೋಕಾಕದ ಹಲ್ಲುಗಳೂ ಒಂದು ಹಳೆಯ ಚೀಟಿಯೂ

ನಂದಿನಿ ಲೇಔಟಿನಲ್ಲಿ ನಮ್ಮ ಮನೆಯಿಂದ ನಾಲ್ಕನೆಯ ನಿವೇಶನದಲ್ಲಿ ಕಳೆದ ವರ್ಷ ಹೊಸ ಮನೆಗೆ ಪಾಯ ತೋಡುತ್ತಿದ್ದಾಗ ಆಳುಗಳ ಗುದ್ದಲಿಗೆ ಒಂದು ದೊಡ್ಡ ಹಲ್ಲು ಸಿಕ್ಕಿತು. ನೆರೆಮನೆಯ ಬಾಲಕನೊಬ್ಬನು ಅದನ್ನು ನಲ್ಲಿಯ ಕೆಳಗೆ ತೊಳೆದು, ವೃತ್ತಪತ್ರಿಕೆಯ ಚೂರಿನಲ್ಲಿ ಸುತ್ತಿಕೊಂಡು, ಓಡುತ್ತ ನಮ್ಮಲ್ಲಿಗೆ ಬಂದನು. “ಸಾರ್, ಇದು ಡೈನೋಸಾರಿನದೇ?” ಎಂಬುದು ಅವನ ಮೊದಲ ಪ್ರಶ್ನೆ. ಅಲ್ಲವೆಂದು ಹೇಳುವುದು ಸುಲಭವಾಗಿತ್ತು. ಬೆಂಗಳೂರಿನ ಅಡಿಗಲ್ಲು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ನೈಸ್ ಶಿಲೆ; ಅದು ರೂಪುಗೊಂಡಾಗ ಭೂಮಿಯ ಮೇಲೆ ಹಲ್ಲುಳ್ಳ ಪ್ರಾಣಿಯೇ ಇರಲಿಲ್ಲ. ಅದರ ಮೇಲಿನ ಕೆಮ್ಮಣ್ಣಿನಲ್ಲಿ ಮೂರಡಿ ಆಳದಲ್ಲಿ ಸಿಕ್ಕುವುದು ನಮ್ಮ ತಾತಂದಿರ ಕಾಲದ ವಸ್ತುವೇ ಹೊರತು ಬೇರೆಯಲ್ಲ. ಆದರೆ ಬಾಲಕನ ಎರಡನೆಯ ಪ್ರಶ್ನೆ, “ಹಾಗಾದರೆ ಯಾವುದರದು?” ಎಂಬುದು. ನಾವು ಭೌತಶಾಸ್ತ್ರವನ್ನು ಬೋಧಿಸುವವರು. ಹಲ್ಲಿನ ವಿಚಾರ ನಮಗೆ ತಿಳಿಯದೆಂದು ಹೇಳಿ ಸುಮ್ಮನಾಗಬಹುದಾಗಿತ್ತು. ಮೇಷ್ಟ್ರೆನಿಸಿಕೊಂಡವರಿಗೆ ಆ ಮಾತು ಬಾಯಿಗೆ ಬರುವುದು ಕಷ್ಟ. ಹಿಂದೆ ಈ ಕಡೆ ಜಟಕಾಗಳು ಓಡಾಡುತ್ತಿದ್ದವಷ್ಟೆ ಎಂದು ಯೋಚಿಸಿ, ಕುದುರೆಯದೆಂದು ಹೇಳಿಬಿಟ್ಟೆವು. ಬಾಲಕನು ಒಂದು ಚೀಟಿಯ ಮೇಲೆ “ಕುದುರೆಯ ಹಲ್ಲು” ಎಂದು ದುಂಡಾಗಿ ಬರೆದುಕೊಂಡನು.

ಎರಡು ವಾರಗಳ ತರುವಾಯ ನಮ್ಮ ಮಿತ್ರರಾದ ಪಶುವೈದ್ಯರೊಬ್ಬರು ಆ ಹಲ್ಲನ್ನು ಕೈಯಲ್ಲಿ ತಿರುಗಿಸಿ ನೋಡಿ ನಕ್ಕರು. ಅಗಿಯುವ ಮುಖದ ಮೇಲೆ ಅರ್ಧಚಂದ್ರಾಕಾರದ ಎನಾಮಲಿನ ಗೆರೆಗಳನ್ನೂ, ಹಲ್ಲಿನ ಎರಡು ಭಾಗಗಳ ನಡುವೆ ನಿಂತಿದ್ದ ಒಂದು ಸಣ್ಣ ಕಂಬವನ್ನೂ ತೋರಿಸಿ, “ಈ ಕಂಬ ಕುದುರೆಗಿಲ್ಲ, ಮೇಷ್ಟ್ರೇ, ಇದು ಹಸುವಿನದು” ಎಂದರು. ಬಾಲಕನಿಗೆ ಸ್ವಲ್ಪವೂ ಬೇಸರವಾಗಲಿಲ್ಲ. “ಕುದುರೆಯ” ಎಂಬ ಪದದ ಮೇಲೆ ಒಂದು ಗೆರೆ ಎಳೆದು, ಅದರ ಕೆಳಗೆ “ಹಸುವಿನ ಹಲ್ಲು; ಮೊದಲು ಕುದುರೆಯದೆಂದು ತಿಳಿದಿದ್ದೆವು; ನಡುವಿನ ಕಂಬದಿಂದ ಗೊತ್ತಾಯಿತು” ಎಂದು ಬರೆದನು. ಹಲ್ಲೂ ಚೀಟಿಯೂ ಅವನ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹೋದುವು. ಅಲ್ಲಿ, ಪ್ರದರ್ಶನದಲ್ಲಿ ಚಿತ್ತುಕಾಟು ಇರಕೂಡದೆಂದೂ ಮಾಡಿದ ತಪ್ಪನ್ನು ಜನರೆದುರು ಸಾರಿಕೊಳ್ಳಬಾರದೆಂದೂ ಹೇಳಿ, “ಹಸುವಿನ ಹಲ್ಲು” ಎಂದಷ್ಟೇ ಅಚ್ಚುಕಟ್ಟಾಗಿ ಬೇರೊಂದು ಚೀಟಿ ಬರೆಯಿಸಿದರಂತೆ. ಹಳೆಯ ಚೀಟಿಯನ್ನು ಬಾಲಕನು ನಮಗೆ ತಂದುಕೊಟ್ಟನು.

ಈ ಲೇಖನವನ್ನು ಬರೆಯಲು ಆ ಚೀಟಿಯೇ ಕಾರಣ. ಆ ಶಾಲೆಯವರ ಉದ್ದೇಶ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಆದರೆ ಅವರು ತೆಗೆದುಹಾಕಿದ್ದು ಆ ಪ್ರದರ್ಶನದಲ್ಲಿದ್ದ ವಿಜ್ಞಾನವನ್ನೇ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಹೊಸ ಚೀಟಿಯಲ್ಲಿ ಉಳಿದದ್ದು ಒಂದು ಹೆಸರು ಮಾತ್ರ. ಹಲ್ಲಿಗೆ ತಪ್ಪು ಹೆಸರಿಟ್ಟು ತಿದ್ದಿಕೊಳ್ಳುವುದು ನಾಚಿಕೆಯ ವಿಷಯವಾದರೆ, ಕಳೆದ ಇನ್ನೂರು ವರ್ಷಗಳ ಪ್ರಾಣಿಶಾಸ್ತ್ರದಲ್ಲಿ ನಾಚಿಕೊಳ್ಳದೆ ಉಳಿಯುವ ವಿದ್ವಾಂಸರು ಬಹಳ ಮಂದಿ ಇರಲಾರರು.

ಚಾರ್ಲ್ಸ್ ಡಾರ್ವಿನ್ ಮಹಾಶಯನು 1833ರ ನವೆಂಬರಿನಲ್ಲಿ ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ಒಂದು ದೈತ್ಯಪ್ರಾಣಿಯ ತಲೆಬುರುಡೆಯನ್ನು ಹದಿನೆಂಟು ಪೆನ್ಸುಗಳಿಗೆ ಕೊಂಡುಕೊಂಡನು. ಅದು ಸಿಕ್ಕಿದಾಗ ಪೂರ್ಣವಾಗಿಯೇ ಇತ್ತಂತೆ; ಆದರೆ ಊರಿನ ಹುಡುಗರು ಕಲ್ಲಿನಿಂದ ಹಲ್ಲುಗಳನ್ನು ಉದುರಿಸಿ, ಬುರುಡೆಯನ್ನು ಗುರಿಯಾಟಕ್ಕೆ ನಿಲ್ಲಿಸಿಕೊಂಡಿದ್ದರು. (ನಮ್ಮ ನಂದಿನಿ ಲೇಔಟಿನ ಬಾಲಕನು ಎಷ್ಟೋ ಮೇಲು.) ಅದೃಷ್ಟವಶಾತ್ ಅಲ್ಲಿಂದ 180 ಮೈಲಿ ದೂರದ ನದಿಯ ದಂಡೆಯೊಂದರಲ್ಲಿ ಡಾರ್ವಿನನಿಗೆ ಒಂಟಿ ಹಲ್ಲೊಂದು ದೊರೆಯಿತು, ಅದು ಆ ಬುರುಡೆಯ ಒಂದು ಗೂಡಿಗೆ ಸರಿಯಾಗಿ ಹೊಂದಿತು. ಇಂಗ್ಲೆಂಡಿನ ರಿಚರ್ಡ್ ಓವೆನ್ 1837ರಲ್ಲಿ ಆ ಪ್ರಾಣಿಗೆ ಟಾಕ್ಸೋಡಾನ್ ಎಂದು ಹೆಸರಿಟ್ಟನು. ಬಿಲ್ಲಿನಂತೆ ಬಾಗಿದ ಹಲ್ಲುಳ್ಳದ್ದು ಎಂದು ಅದರ ಅರ್ಥ. ಘೇಂಡಾಮೃಗದಷ್ಟು ದೊಡ್ಡದಾದ ಈ ಗೊರಸಿನ ಪ್ರಾಣಿಯ ಹಲ್ಲುಗಳಲ್ಲಿ ಓವೆನನು ಇಲಿ ಅಳಿಲುಗಳ ಬಳಗದ ಲಕ್ಷಣಗಳನ್ನೂ ಕಂಡು ಬೆರಗಾದನು. ಉದ್ದ ಕತ್ತಿನ ಮಾಕ್ರೌಕೀನಿಯ ಎಂಬ ಇನ್ನೊಂದು ಪ್ರಾಣಿಯನ್ನು ಒಂಟೆಯ ನೆಂಟನೆಂದು ಬಗೆದನು. ಅರ್ಜೆಂಟೀನದ ಮಹಾವಿದ್ವಾಂಸ ಫ್ಲೊರೆಂಟೀನೊ ಅಮೆಘೀನೊ ತನ್ನ ನಾಡಿನ ಇಂಥ ಪ್ರಾಣಿಗಳನ್ನು ರಾಶಿರಾಶಿಯಾಗಿ ವರ್ಣಿಸಿ, ಹಲ್ಲಿನ ಹೋಲಿಕೆಯನ್ನು ನಂಬಿ, ಒಂದಕ್ಕೆ “ದಕ್ಷಿಣದ ಕುದುರೆ” ಎಂಬರ್ಥದ ಹೆಸರನ್ನೇ ಇಟ್ಟನು. ಅದು ಕುದುರೆಯಲ್ಲ. ನಾವು ಮಾಡಿದ ತಪ್ಪಿಗೆ ದೊಡ್ಡವರ ಮೇಲ್ಪಂಕ್ತಿ ಇದೆಯೆಂದು ಇದನ್ನು ಓದಿದಾಗ ನಮಗೆ ಸ್ವಲ್ಪ ಸಮಾಧಾನವಾಯಿತು.

ಹಲ್ಲು ಏಕೆ ಮೋಸಮಾಡುತ್ತದೆ? ಒಂದು ನೋಟಕ್ಕೆ ಹಲ್ಲಿಗಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಎನಾಮಲು ಶರೀರದಲ್ಲೆಲ್ಲ ಅತ್ಯಂತ ಗಟ್ಟಿಯಾದ ವಸ್ತು. ಮೂಳೆಗಳು ಪುಡಿಯಾಗಿ ಹೋದೆಡೆಯಲ್ಲಿಯೂ ಅದು ಉಳಿಯುತ್ತದೆ. ಆದರೆ ಹಲ್ಲು ಪ್ರಾಣಿಯ ವಂಶವನ್ನು ಹೇಳುವಂತೆಯೇ ಅದರ ಆಹಾರವನ್ನೂ ಹೇಳುತ್ತದೆ. ಯಾವುದು ವಂಶದ ಮಾತು, ಯಾವುದು ಆಹಾರದ ಮಾತು ಎಂದು ಬಿಡಿಸಿ ಹೇಳುವುದಿಲ್ಲ. ಕಮ್ಮಾರರಿಬ್ಬರು ಒಬ್ಬರನ್ನೊಬ್ಬರು ಎಂದೂ ಕಾಣದಿದ್ದರೂ ಕುಡುಗೋಲನ್ನು ಬಾಗಿಸಿಯೇ ಬಡಿಯುತ್ತಾರೆ. ಕೊಯ್ಯಬೇಕಾದ ಪೈರು ಹಾಗೆ ಕೇಳುತ್ತದೆ. ಹುಲ್ಲಿನಲ್ಲಿ ಮರಳಿನ ಜಾತಿಯ ಸಿಲಿಕಾ ಕಣಗಳಿರುತ್ತವೆ. ಅದನ್ನು ಮೇಯುವ ಪ್ರಾಣಿ ಯಾವ ವಂಶದ್ದಾದರೂ ಬೇಗ ಸವೆದುಹೋಗದಂಥ ಎತ್ತರದ ಹಲ್ಲು ಅದಕ್ಕೆ ಬೇಕು. ಹೀಗಾಗಿ ನೆಂಟಸ್ತಿಕೆಯೇ ಇಲ್ಲದ ಪ್ರಾಣಿಗಳ ಹಲ್ಲುಗಳು ಒಂದನ್ನೊಂದು ಹೋಲುತ್ತವೆ. ಕುಡುಗೋಲು ಯಾವ ಕುಲುಮೆಯದೆಂದು ತಿಳಿಯಬೇಕಾದರೆ ಅಲಗನ್ನು ಬಿಟ್ಟು ಹಿಡಿಯ ಒಳಗಣ ಮೊಳೆಯನ್ನು ನೋಡಬೇಕಾಗುತ್ತದೆ.

ಟಾಕ್ಸೋಡಾನಿನ ವಿಷಯದಲ್ಲಿ ಆ ಮೊಳೆಯನ್ನು ನೋಡಲು ಒದಗಿದ್ದು ನಮ್ಮ ಭೌತಶಾಸ್ತ್ರದ ಉಪಕರಣ. 1913ರಲ್ಲಿ ಜೆ. ಜೆ. ಥಾಮ್ಸನ್ ನಿಯಾನ್ ಅನಿಲದ ಎರಡು ಬಗೆಯ ಪರಮಾಣುಗಳನ್ನು ತೂಕದಿಂದ ಬೇರ್ಪಡಿಸಿದ ವಿಧಾನವೇ ಬೆಳೆದು ಇಂದಿನ ಮಾಸ್ ಸ್ಪೆಕ್ಟ್ರೋಮೀಟರ್ ಆಗಿದೆ. ಮೂಳೆಯಲ್ಲಿ ಕೊಲಾಜೆನ್ ಎಂಬ ಪ್ರೋಟೀನು ಉಂಟು. ಅದನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ, ತುಣುಕುಗಳಿಗೆ ವಿದ್ಯುದಂಶವನ್ನು ಕೊಟ್ಟು, ವಿದ್ಯುತ್ ಕ್ಷೇತ್ರದಲ್ಲಿ ಓಡಿಸಿದರೆ ಹಗುರವಾದವು ಮುಂದಾಗಿಯೂ ಭಾರವಾದವು ಹಿಂದಾಗಿಯೂ ಗುರಿ ಮುಟ್ಟುತ್ತವೆ. ಆ ಕಾಲದ ಅಂತರದಿಂದ ತೂಕವೂ, ತೂಕಗಳ ಸರಣಿಯಿಂದ ಪ್ರೋಟೀನಿನ ರಚನೆಯೂ ತಿಳಿಯುತ್ತವೆ. 2015ರಲ್ಲಿ ಟಾಕ್ಸೋಡಾನ್ ಮತ್ತು ಮಾಕ್ರೌಕೀನಿಯಗಳ ಮೂಳೆಯನ್ನು ಹೀಗೆ ಪರೀಕ್ಷಿಸಿದಾಗ ಅವೆರಡೂ ಬೆಸ ಬೆರಳಿನ ಗೊರಸಿನ ಪ್ರಾಣಿಗಳಿಗೆ, ಎಂದರೆ ಕುದುರೆ, ಟೇಪಿರ್, ಘೇಂಡಾಮೃಗಗಳ ಗುಂಪಿಗೆ, ಹತ್ತಿರದವೆಂದು ಕಂಡುಬಂದಿತು. 2017ರಲ್ಲಿ ಮಾಕ್ರೌಕೀನಿಯದ ಡಿ.ಎನ್.ಎ. ಕೂಡ ಇದನ್ನೇ ಹೇಳಿತು. ನೂರಎಂಬತ್ತು ವರ್ಷಗಳ ಚರ್ಚೆ ಬಹುಮಟ್ಟಿಗೆ ತೀರಿತು.

ಭೌತಶಾಸ್ತ್ರದವರಾದ ನಾವು ಇಲ್ಲಿ ಮೀಸೆ ತಿರುವಬಹುದಾಗಿತ್ತು. ಆದರೆ ಹಾಗೆ ಮಾಡದಂತೆ ತಡೆಯುವ ಹಲ್ಲುಗಳು ನಮ್ಮ ಕರ್ನಾಟಕದಲ್ಲಿಯೇ ದೊರೆತಿವೆ. ಅವುಗಳ ವಿಷಯ ನಮ್ಮವರಿಗೆ ಅಷ್ಟಾಗಿ ತಿಳಿಯದಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

ಬೆಳಗಾವಿ ಜಿಲ್ಲೆಯ ಗೋಕಾಕವೆಂದರೆ ವಾಚಕರಿಗೆ ಜಲಪಾತವೂ ಕರದಂಟೂ ನೆನಪಾಗುತ್ತವೆ. ಕರದಂಟಿಗೆ ಒಳ್ಳೆಯ ಹಲ್ಲು ಬೇಕೆಂಬುದು ನಿಜ. ನಾವು ಹೇಳಹೊರಟ ಹಲ್ಲುಗಳಾದರೋ ಆರೂವರೆ ಕೋಟಿ ವರ್ಷಗಳಿಗೂ ಹಿಂದಿನವು. ಆ ಕಾಲದಲ್ಲಿ ದಖ್ಖನಿನ ಮೇಲೆ ಲಾವಾ ಹೊಳೆಹೊಳೆಯಾಗಿ ಹರಿಯುತ್ತಿತ್ತು. ಒಂದು ಹರಿವಿಗೂ ಮತ್ತೊಂದಕ್ಕೂ ನಡುವೆ ಬಿಡುವು ದೊರೆತಾಗ ಕೆರೆಗಳಾದುವು, ಗಿಡಮರಗಳು ಬೆಳೆದುವು, ಪ್ರಾಣಿಗಳು ಬಂದುವು. ಮುಂದಿನ ಲಾವಾ ಅವೆಲ್ಲವನ್ನೂ ಮುಚ್ಚಿತು. ಹೀಗೆ ಎರಡು ಕಪ್ಪು ಕಲ್ಲಿನ ಹಾಸುಗಳ ನಡುವೆ ಸಿಕ್ಕಿಕೊಂಡ ತೆಳುವಾದ ಕೆಸರಿನ ಪದರಗಳು ಗೋಕಾಕದ ಬಳಿಯಲ್ಲಿಯೂ ತೆಲಂಗಾಣದ ನಸ್ಕಲ್ ಎಂಬಲ್ಲಿಯೂ ಮಧ್ಯಪ್ರದೇಶದ ಕಿಸಲ್‌ಪುರಿಯಲ್ಲಿಯೂ ಇವೆ. ಆ ಮಣ್ಣನ್ನು ನೆನೆಸಿ, ಕರಗಿಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದ ನುಚ್ಚನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಾಳಿನಿಂದ ಕಲ್ಲು ಆರಿಸುವಂತೆ ಆರಿಸಿದರೆ, ಭಾಗ್ಯವಿದ್ದಾಗ ಒಂದು ಹಲ್ಲು ಸಿಕ್ಕುತ್ತದೆ. ಹೀಗೆ ಈ ಮೂರು ಊರುಗಳಿಂದ ಒಂದು ವಿಚಿತ್ರ ಸಸ್ತನಿಯ ಎಂಟು ಹಲ್ಲುಗಳು ಹೊರಬಂದಿವೆ. ಅವುಗಳಲ್ಲಿ ಮೂರು ಗೋಕಾಕದವು. ದವಡೆಹಲ್ಲುಗಳ ಎತ್ತರ 6ರಿಂದ 8.5 ಮಿಲಿಮೀಟರು, ಒಂದು ತೊಗರಿಕಾಳಿಗಿಂತ ಅಷ್ಟೇನೂ ದೊಡ್ಡದಲ್ಲ. ಆದರೂ ಹುಲ್ಲು ಮೇಯುವ ಪ್ರಾಣಿಗಳ ಹಲ್ಲಿನಂತೆ ಎತ್ತರವಾಗಿವೆ, ಬಾಗಿವೆ, ಬದಿಯಲ್ಲಿ ಗಾಡಿ ಇವೆ, ನಡುವೆ ಆಳವಾದ ಗುಳಿಯೂ ಉಂಟು. ಆಗ ಹುಲ್ಲು ಇತ್ತೇ ಎಂದು ಕೇಳುವವರಿಗೆ ಉತ್ತರ: ಮಹಾರಾಷ್ಟ್ರದ ಪಿಸ್ದೂರದಲ್ಲಿ ದೊರೆತ ಡೈನೋಸಾರಿನ ಶಿಲೀಭೂತ ಸಗಣಿಯಲ್ಲಿ ಹುಲ್ಲಿನ ಸಿಲಿಕಾ ಕಣಗಳಿರುವುದು 2005ರಲ್ಲಿ ಪ್ರಕಟವಾಗಿದೆ.

ಈ ಹಲ್ಲುಗಳಿಗೆ ಹೆಸರಿಟ್ಟ ಕಥೆ ನಮ್ಮ ಚೀಟಿಗೆ ನೇರವಾಗಿ ಸಂಬಂಧಿಸಿದ್ದು. ಮೊದಲನೆಯ ಹಲ್ಲು 1989ರಲ್ಲಿ ನಸ್ಕಲ್‌ನಲ್ಲಿ ಸಿಕ್ಕಿತು. 1997ರಲ್ಲಿ ಅದನ್ನು ವರ್ಣಿಸಿ ಪ್ರಕಟಿಸಿದ ವಿದ್ವಾಂಸರು, ಇದು ಅರ್ಜೆಂಟೀನ ಮತ್ತು ಮಡಗಾಸ್ಕರಿನ ಗೊಂಡ್ವಾನಾಥೀರ್ ಎಂಬ ಬಳಗದ್ದೆಂದು ಹೇಳಿದರೇ ಹೊರತು ಹೆಸರನ್ನು ಇಡಲಿಲ್ಲ. ಮುರುಕು ಹಲ್ಲೊಂದರಿಂದ ಹೊಸ ಪ್ರಾಣಿಗೆ ನಾಮಕರಣ ಮಾಡಲು ಅವರು ಒಪ್ಪಲಿಲ್ಲ. ಹೊಸ ಪ್ರಾಣಿಗೆ ತಾನೇ ಹೆಸರಿಡುವ ಆಸೆ ಎಂಥವರಿಗೂ ಇರುತ್ತದೆ. ಅದನ್ನು ಹತ್ತು ವರ್ಷ ತಡೆದಿಟ್ಟದ್ದು ನಮ್ಮ ದೃಷ್ಟಿಯಲ್ಲಿ ಹಲ್ಲನ್ನು ಕಂಡುಹಿಡಿದದ್ದಕ್ಕಿಂತ ಕಡಮೆಯ ಸಾಧನೆಯಲ್ಲ. ನಾವಾದರೋ ಹಸುವಿನ ಹಲ್ಲಿಗೆ ಹತ್ತು ನಿಮಿಷವೂ ತಾಳಲಿಲ್ಲ.

2007ರಲ್ಲಿ ಇನ್ನಷ್ಟು ಹಲ್ಲುಗಳು ಕೈಸೇರಿದಾಗ ಎರಡು ತಂಡಗಳು ಬೇರೆಬೇರೆಯಾಗಿ ಹೆಸರಿಟ್ಟುವು. ಜಿ. ವಿ. ಆರ್. ಪ್ರಸಾದ್ ಅವರೂ ಅವರ ಸಂಗಡಿಗರೂ ಕಿಸಲ್‌ಪುರಿಯ ಹಲ್ಲನ್ನು ಮುಂದಿಟ್ಟುಕೊಂಡು “ಭಾರತ್‌ಥೀರಿಯಮ್ ಬೊನಪಾರ್ಟಿ” ಎಂದರು. ಈ ಬಳಗವನ್ನು ಕುರಿತು ದುಡಿದ ಅರ್ಜೆಂಟೀನದ ಹೋಸೆ ಬೊನಪಾರ್ಟೆಯ ಗೌರವಾರ್ಥವಾಗಿ. ಗ್ರೆಗರಿ ವಿಲ್ಸನ್, ದಾಸ್ ಶರ್ಮ ಮತ್ತು ಅನಂತರಾಮನ್ ಅವರು ಗೋಕಾಕ ಮತ್ತು ನಸ್ಕಲ್ಲಿನ ಹಲ್ಲುಗಳನ್ನು ಆಧರಿಸಿ “ದಕ್ಷಿಣ ಜೆಡೆರಿ” ಎಂದರು. ಮರುವರ್ಷವೇ, ಇವೆರಡೂ ಒಂದೇ ಪ್ರಾಣಿಯೆಂದೂ, ಮೊದಲು ಅಚ್ಚಾದ ಹೆಸರೇ ಸಲ್ಲತಕ್ಕದ್ದೆಂದೂ ಪ್ರಸಾದ್ ಅವರು ತಿಳಿಸಿದರು. ಮೊದಲು ಅಚ್ಚಾದದ್ದು ಭಾರತ್‌ಥೀರಿಯಮ್. ಈ ಸಂಗತಿಯನ್ನು ಸಂಜೆಯ ನಡಿಗೆಯಲ್ಲಿ ನಮ್ಮ ಬಡಾವಣೆಯ ನಿವೃತ್ತ ಅಧಿಕಾರಿಗಳೊಬ್ಬರಿಗೆ ಹೇಳಿದಾಗ ಅವರು ನಿಂತೇಬಿಟ್ಟರು. “ಹಲ್ಲು ನಮ್ಮ ಗೋಕಾಕದ್ದು, ‘ದಕ್ಷಿಣ’ ಎಂಬ ಹೆಸರೂ ನಮ್ಮದು. ಅದನ್ನು ಅಳಿಸಿದರೆ ಸುಮ್ಮನಿದ್ದಿರಾ?” ಎಂದು ನಮ್ಮನ್ನೇ ಆಕ್ಷೇಪಿಸಿದರು. ಅವರಿಗೆ ಹೇಳಿದ ಉತ್ತರವನ್ನು ಇಲ್ಲಿಯೂ ಹೇಳುತ್ತೇವೆ: ಆ ಹೆಸರು ಅಳಿಸಿಲ್ಲ. ಪ್ರಾಣಿಶಾಸ್ತ್ರದ ಪಟ್ಟಿಗಳಲ್ಲಿ ಸೋತ ಹೆಸರನ್ನು ಗೆದ್ದ ಹೆಸರಿನ ಕೆಳಗೆ, ಇಟ್ಟವರ ಹೆಸರು ಮತ್ತು ವರ್ಷದೊಡನೆ, ಬರೆದೇ ಇಡುತ್ತಾರೆ; ಅದನ್ನು ಇನ್ನೊಂದು ಪ್ರಾಣಿಗೆ ಕೊಡುವಂತೆಯೂ ಇಲ್ಲ. ನಮ್ಮ ಬಾಲಕನು ಯಾರೂ ಹೇಳಿಕೊಡದೆ ಗೆರೆ ಎಳೆದು ಕೆಳಗೆ ಬರೆದದ್ದು ಜಗತ್ತಿನ ವಿದ್ವಾಂಸರು ಒಪ್ಪಿಕೊಂಡಿರುವ ಪದ್ಧತಿಯನ್ನೇ.

ಹೆಸರಿನ ಜಗಳ ತೀರಿದರೂ ಕುಲದ ಪ್ರಶ್ನೆ ತೀರಲಿಲ್ಲ. ಅರ್ಜೆಂಟೀನದಲ್ಲಿ 1980ರ ದಶಕದಲ್ಲಿ ಈ ಬಳಗದ ಮೊದಲ ಹಲ್ಲುಗಳು ದೊರೆತಾಗ ಅವನ್ನು ಸ್ಲಾತ್ ಮತ್ತು ಆರ್ಮಡಿಲೋಗಳ ಪೂರ್ವಿಕರೆಂದು ತಿಳಿದರು. ಬಳಿಕ ಬಹುಗುಬುಟು ಹಲ್ಲಿನ ಮಲ್ಟಿಟ್ಯೂಬರ್ಕ್ಯುಲೇಟ್ ಎಂಬ ನಷ್ಟಸಂತಾನದ ಗುಂಪಿಗೆ ಸೇರಿಸಿದರು. 1999ರಲ್ಲಿ ದವಡೆಯೊಂದು ಪ್ರಕಟವಾದಾಗ ಅದರಲ್ಲಿನ ಹಲ್ಲುಗಳ ಎಣಿಕೆ ಅಲ್ಲಿಗೂ ಹೊಂದಲಿಲ್ಲ. ಕೊನೆಗೆ ಮಡಗಾಸ್ಕರಿನ ಒಂದು ಮರಳುಗಲ್ಲಿನ ತುಂಡನ್ನು ಮೀನಿನ ಅವಶೇಷಗಳಿಗಾಗಿ ಎಕ್ಸ್-ಕಿರಣಗಳಿಂದ ಪರೀಕ್ಷಿಸುತ್ತಿದ್ದಾಗ ಒಳಗೆ ಇಡಿಯ ತಲೆಬುರುಡೆಯೊಂದು ಕಾಣಿಸಿತು. ಅದು 2014ರಲ್ಲಿ ವಿಂಟಾನ ಎಂಬ ಹೆಸರಿನಿಂದ ಪ್ರಕಟವಾಯಿತು. 2020ರಲ್ಲಿ ಅಲ್ಲಿಯದೇ ಅಡಾಲಥೀರಿಯಮ್ ಎಂಬುದರ ಹೆಚ್ಚುಕಡಮೆ ಪೂರ್ಣವಾದ ಅಸ್ಥಿಪಂಜರವೂ ವರ್ಣಿತವಾಯಿತು. ಈಗ ಈ ಬಳಗವನ್ನು ಮಲ್ಟಿಟ್ಯೂಬರ್ಕ್ಯುಲೇಟುಗಳ ಪಕ್ಕದಲ್ಲಿ, ಆದರೆ ಬೇರೆಯಾಗಿ, ಕೂರಿಸಿದ್ದಾರೆ. ಇಷ್ಟೆಲ್ಲ ನಡೆಯುತ್ತಿದ್ದಾಗ ಗೋಕಾಕದ ಹಲ್ಲುಗಳು ತಮ್ಮ ಪೆಟ್ಟಿಗೆಯಲ್ಲಿ ಸುಮ್ಮನೆ ಮಲಗಿದ್ದುವು. ಬದಲಾದದ್ದು ಅವುಗಳ ನೆಂಟರ ಪಟ್ಟಿ ಮಾತ್ರ. ಗೋಕಾಕದ ಪ್ರಾಣಿಯ ತಲೆಬುರುಡೆ ಇನ್ನೂ ಸಿಕ್ಕಿಲ್ಲ. ಸಿಕ್ಕಿದ ದಿನ ಪಟ್ಟಿ ಮತ್ತೆ ಬದಲಾಗಬಹುದು. ಇಲ್ಲಿ ಮಾಸ್ ಸ್ಪೆಕ್ಟ್ರೋಮೀಟರು ಕೈಕಟ್ಟಿ ನಿಲ್ಲಬೇಕು. ಆರೂವರೆ ಕೋಟಿ ವರ್ಷಗಳ ಬಿಸಿಲಿನಲ್ಲಿ ಓದಲು ಬರುವಂಥ ಪ್ರೋಟೀನು ಉಳಿಯುವ ಆಸೆಯಿಲ್ಲ. ಹಲ್ಲನ್ನು ಕಣ್ಣಿನಿಂದ ಓದುವವರೇ ಗತಿ.

ಆದರೆ ಗೋಕಾಕದಲ್ಲಿ ಇನ್ನೊಂದು ಹಲ್ಲು ಉಂಟು, ಅದು ನಿಜವಾಗಿಯೂ ಗೊರಸಿನ ಪ್ರಾಣಿಯದು. ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್ ಘಟಪ್ರಭೆಯ ಕಣಿವೆಯಲ್ಲಿ, ಗೋಕಾಕದ ಸಮೀಪದಲ್ಲಿ, ಘೇಂಡಾಮೃಗವೊಂದರ ಅವಶೇಷಗಳನ್ನು ಕಂಡು 1874ರಲ್ಲಿ ಅದಕ್ಕೆ “ರೈನಾಸೆರಸ್ ಡೆಕನೆನ್ಸಿಸ್”, ಎಂದರೆ ದಖ್ಖನಿನ ಘೇಂಡಾಮೃಗ, ಎಂದು ಹೆಸರಿಟ್ಟನು. ಇಂದು ಘೇಂಡಾಮೃಗವನ್ನು ಕಾಡಿನಲ್ಲಿ ನೋಡಬೇಕಾದರೆ ನಾವು ಅಸ್ಸಾಮಿನ ಕಡೆಗೆ ಹೋಗಬೇಕು. ಒಂದು ಕಾಲದಲ್ಲಿ ಘಟಪ್ರಭೆಯ ನೀರನ್ನು ಅದು ಕುಡಿಯುತ್ತಿತ್ತು. 2015ರ ಪ್ರೋಟೀನಿನ ಸಾಕ್ಷ್ಯವನ್ನು ಒಪ್ಪಿದರೆ ಡಾರ್ವಿನನು ಹದಿನೆಂಟು ಪೆನ್ಸಿಗೆ ಕೊಂಡ ಟಾಕ್ಸೋಡಾನ್ ಈ ಗೋಕಾಕದ ಪ್ರಾಣಿಗೆ ದೂರದ ದಾಯಾದಿಯಾಗುತ್ತದೆ. ಇದು ಪ್ರತ್ಯೇಕವಾದ ಜಾತಿಯೇ, ಅದರ ಹತ್ತಿರದ ನೆಂಟ ಯಾವುದು ಎಂಬುದನ್ನು ಹಲ್ಲಿನ ಆಕಾರದ ಮೇಲೆಯೇ ಬಿಡಬೇಕಾದ ಕಾಲ ಈಗ ಕಳೆದಿದೆ. 2019ರಲ್ಲಿ ಜಾರ್ಜಿಯ ದೇಶದ ಡ್ಮನೀಸಿಯಲ್ಲಿ ದೊರೆತ 17 ಲಕ್ಷ 70 ಸಾವಿರ ವರ್ಷಗಳ ಹಿಂದಿನ ಘೇಂಡಾಮೃಗದ ಹಲ್ಲಿನ ಎನಾಮಲಿನಿಂದಲೇ ಪ್ರೋಟೀನನ್ನು ತೆಗೆದು ಅದರ ವಂಶವನ್ನು ನಿರ್ಧರಿಸಿದರು. ಅದು ತಂಪು ನಾಡು ಎಂದು ಆಕ್ಷೇಪಿಸಬಹುದು. ಅದೇ ವರ್ಷ ದಕ್ಷಿಣ ಚೀನದ ಬೆಚ್ಚಗಿನ ಸೀಮೆಯ ಗುಹೆಯೊಂದರ 19 ಲಕ್ಷ ವರ್ಷಗಳ ಹಿಂದಿನ ದೈತ್ಯವಾನರದ ಹಲ್ಲೂ ಪ್ರೋಟೀನನ್ನು ಕೊಟ್ಟಿತು. ಘಟಪ್ರಭೆಯ ದಂಡೆ ಗುಹೆಯಲ್ಲ, ಅಲ್ಲಿಯ ಸೆಕೆಯೂ ಬೇರೆ. ಏನೂ ಸಿಕ್ಕದೆ ಹೋಗಬಹುದು. ಪ್ರಯತ್ನಕ್ಕೆ ಬೇಕಾದದ್ದು ಒಂದು ಚಿಟಿಕೆ ಎನಾಮಲು. ಹಲ್ಲನ್ನು ಕಾಯುವವರು ಆ ಚಿಟಿಕೆಯನ್ನು ಕೊಡಲು ಹಿಂಜರಿಯುವುದು ನ್ಯಾಯವೇ. ಕೆರೆದದ್ದು ಮತ್ತೆ ಬರುವುದಿಲ್ಲ. ಮೊದಲು ಹಲ್ಲಿನ ಅಚ್ಚು ತೆಗೆದು, ಎಲ್ಲ ದಿಕ್ಕುಗಳಿಂದ ಛಾಯಾಚಿತ್ರಗಳನ್ನು ತೆಗೆದು, ಒಡೆದ ಅಂಚಿನಿಂದ ಒಂದೇ ಬಾರಿ ಕೆರೆದು ನೋಡಲಿ ಎಂಬುದು ನಮ್ಮ ಅಭಿಪ್ರಾಯ. ನಮ್ಮ ವಿಶ್ವವಿದ್ಯಾನಿಲಯಗಳ ಭೌತಶಾಸ್ತ್ರ ಮತ್ತು ಭೂಗರ್ಭಶಾಸ್ತ್ರ ವಿಭಾಗಗಳು ಒಂದೇ ಆವರಣದಲ್ಲಿದ್ದೂ ಒಂದಕ್ಕೊಂದು ಮುಖ ತೋರಿಸದಿರುವುದು ಬಹುಕಾಲದಿಂದ ನಡೆದುಬಂದಿದೆ. ಈ ಘೇಂಡಾಮೃಗದ ನೆವದಿಂದಲಾದರೂ ಅವು ಮಾತನಾಡಲಿ.

ಫಲ ಏನೇ ಬಂದರೂ ಪ್ರದರ್ಶನಾಲಯದ ಫಲಕದ ಮೇಲೆ ಹಳೆಯ ಹೆಸರನ್ನು ಒರೆಸಕೂಡದು. ಫೂಟ್ ಇಟ್ಟ ಹೆಸರು, ವರ್ಷ, ತಿದ್ದಿದವರ ಹೆಸರು, ತಿದ್ದಲು ಕಾರಣವಾದ ಗುರುತು, ಇಷ್ಟನ್ನೂ ಕನ್ನಡದಲ್ಲಿ ಬರೆಯಲು ಒಂದು ಅಂಗೈಯಗಲದ ಫಲಕ ಸಾಕು. ಶಾಲೆಯ ಪಠ್ಯಪುಸ್ತಕಗಳಲ್ಲಿಯೂ ಒಂದಾದರೂ ಪ್ರಾಣಿಯ ಪುಟದಲ್ಲಿ ಹೀಗೆ ಮಾಡಲಿ; ಅದು ಭಾರತ್‌ಥೀರಿಯಮ್ ಆದರೆ ನಮಗೆ ಇನ್ನೂ ಸಂತೋಷ. ಮಕ್ಕಳಿಗೆ ಗೊಂದಲವಾಗುತ್ತದೆಂದು ಹೇಳುವವರು ಉಂಟು. ನಾವು ಕಂಡ ಒಬ್ಬ ಬಾಲಕನಿಗಂತೂ ಕುದುರೆ ಹಸುವಾದಾಗ ಗೊಂದಲವಾಗಲಿಲ್ಲ. ಚೀಟಿಯನ್ನು ಬದಲಾಯಿಸಿ ಬರೆಯೆಂದಾಗ ಆಯಿತು.

ಆ ಚೀಟಿ ಈಗ ನಮ್ಮ ಮೇಜಿನ ಗಾಜಿನ ಕೆಳಗೆ ಇದೆ. ಕಳೆದ ವಾರ ಬಾಲಕನು ಬಂದು ಅದನ್ನು ಮತ್ತೊಮ್ಮೆ ಓದಿ, “ಸಾರ್, ಎಮ್ಮೆಗೂ ಆ ಕಂಬ ಇರುತ್ತದೆಯೇ?” ಎಂದು ಕೇಳಿದನು. ಈ ಬಾರಿ ನಾವು ತಿಳಿಯದೆಂದೇ ಹೇಳಿದೆವು. ಪಶುವೈದ್ಯರನ್ನು ಕೇಳಿದ್ದಾಯಿತು, ಎಮ್ಮೆಗೂ ಇರುತ್ತದಂತೆ. ಬಾಲಕನು ಗಾಜನ್ನು ಎತ್ತಿಸಿ, “ಹಸುವಿನ” ಎಂಬುದರ ಪಕ್ಕದಲ್ಲಿ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿ ಹೋಗಿದ್ದಾನೆ.